ಗೆದ್ದಲು ಮುಟ್ಟದ ಮರ ಕೋಳಿಗೇಕೆ?

ಹೈದರಾಬಾದಿನ ಯಾವುದಾದರೂ ಟಿಂಬರ್ ಡಿಪೋಗೆ ಹೋಗಿ ಕೋಳಿ ಗೂಡಿಗೆ ಮರ ಬೇಕೆಂದು ಕೇಳಿ ನೋಡಿ. ಎಷ್ಟು ಕೋಳಿ, ಮರಿಗಳಿವೆಯೇ, ಗೂಡು ಅಂಗಳದಲ್ಲೋ ಮಾಳಿಗೆಯ ಮೇಲೋ, ಮಳೆಯ ಎರಚಲು ಬಡಿಯುತ್ತದೆಯೋ ಇಲ್ಲವೋ, ಒಂದನ್ನೂ ಯಾರೂ ಕೇಳುವುದಿಲ್ಲ. ಒಂದು ಹಲಗೆ ಎಳೆದು, ಗೆಣ್ಣಿನಿಂದ ಎರಡು ಸಲ ಬಡಿದು ತೋರಿಸುತ್ತಾರೆ. ತೆಲುಗಿನವರಾದರೆ "ಚೆದ ಪಟ್ಟದು ಸಾರ್" ಎನ್ನುತ್ತಾರೆ. ದಖನಿಯವರಾದರೆ "ದೀಮಕ್ ನೈ ಲಗ್ತೀ ಸಾಬ್". ನಮ್ಮ ಬೀದರ ಕಡೆಯ ಬಡಿಗನಾದರೆ, "ಒರಲಿ ಹತ್ತಂಗಿಲ್ರೀ ಸರ, ಇಪ್ಪತ್ತ ವರ್ಷ ಹೊಳ್ಳಿ ನೋಡೂದು ಬ್ಯಾಡ". ಭಾಷೆ ಮೂರು, ತೀರ್ಪು ಒಂದೇ. ಗೆದ್ದಲು ಹಿಡಿಯದ್ದು ಒಳ್ಳೆಯ ಮರ, ಒಳ್ಳೆಯ ಮರದ ಗೂಡು ಒಳ್ಳೆಯ ಗೂಡು. ಅಲ್ಲಿಗೆ ಮಾತು ಮುಗಿಯಿತು.

ನನ್ನ ತಕರಾರು ಶುರುವಾಗುವುದು ಅಲ್ಲಿಂದಲೇ. ಗೆದ್ದಲು ಮುಟ್ಟದ ಮರ ಮನೆಯ ಚೌಕಟ್ಟಿಗೆ ಒಳ್ಳೆಯದಿರಬಹುದು. ಕೋಳಿ ಗೂಡಿಗೆ ಅದೊಂದೇ ಗುಣ ನೋಡಿ ಮರ ಆರಿಸುವುದು ತಪ್ಪು, ಎಷ್ಟೋ ಸಲ ಅಪಾಯ. ಬಾಳಿಕೆ ಬೇರೆ, ಸುರಕ್ಷತೆ ಬೇರೆ. ಎರಡನ್ನೂ ಒಂದೇ ಎಂದು ನಂಬಿದವರು ಕೋಳಿಯ ಸುತ್ತ ವಿಷದ ಪೆಟ್ಟಿಗೆ ಕಟ್ಟಿ, ಅದರೊಳಗಿನ ಮೊಟ್ಟೆಯನ್ನು ಮಕ್ಕಳಿಗೆ ತಿನ್ನಿಸುತ್ತಿದ್ದಾರೆ.

ಕೋಳಿ ಸಾಕಣೆಯ ಮಟ್ಟಿಗೆ ಈ ಊರು ಸಾಮಾನ್ಯವಲ್ಲ. ಭಾರತೀಯ ಕೃಷಿ ಅನುಸಂಧಾನ ಪರಿಷತ್ತಿನ ಕುಕ್ಕುಟ ಸಂಶೋಧನಾ ನಿರ್ದೇಶನಾಲಯ ಇರುವುದು ಇಲ್ಲಿಯ ರಾಜೇಂದ್ರನಗರದಲ್ಲಿ. ಹಿತ್ತಲಿನಲ್ಲಿ ಮೇಯ್ದು ಬದುಕಲೆಂದೇ ರೂಪಿಸಿದ ವನರಾಜ, ಗ್ರಾಮಪ್ರಿಯ ತಳಿಗಳು ಅಲ್ಲಿಯವೇ. ಫಾರಂ ಮೊಟ್ಟೆಯ ಔಷಧಿಗೆ ಹೆದರಿ, ನಾಲ್ಕು ಮರಿ ತಂದು, ಮಾಳಿಗೆಯ ಮೇಲೊಂದು ದಡಬಾ ಕಟ್ಟಿಕೊಳ್ಳುವ ಸಂಸಾರಗಳನ್ನು ನಾನು ನಮ್ಮ ಓಣಿಯಲ್ಲೇ ಕಂಡಿದ್ದೇನೆ. ಉದ್ದೇಶ ಒಳ್ಳೆಯದು. ಮರಿಗೆ ಹಾಕುವ ಕಾಳನ್ನು ಮೂಸಿ ನೋಡುವ ಇದೇ ಜನ ಗೂಡಿನ ಹಲಗೆಯನ್ನು ಮಾತ್ರ ಗೆದ್ದಲಿನ ಪರೀಕ್ಷೆಗೆ ಬಿಟ್ಟುಬಿಡುತ್ತಾರೆ.

ಪೂರ್ವಪಕ್ಷಕ್ಕೆ ಅನ್ಯಾಯ ಮಾಡಬಾರದು. ಈ ನೆಲದ ಕೆಂಪು ಮಣ್ಣಿನಲ್ಲಿ ಗೆದ್ದಲು ನಿಜವಾದ ಪೀಡೆ. ಮಳೆಗಾಲಕ್ಕೆ ಊರಿದ ಕಂಬ ಮುಂದಿನ ಮಳೆಗಾಲಕ್ಕೆ ಒಳಗೆಲ್ಲ ಮಣ್ಣಾಗಿ, ಹೊರಗಿನ ಸಿಪ್ಪೆ ಮಾತ್ರ ಉಳಿದದ್ದನ್ನು ಕಂಡವರಿಗೆ "ಒರಲಿ ಹತ್ತಂಗಿಲ್ಲ" ಎಂಬ ಮಾತು ದೇವರ ಅಭಯದಂತೆ ಕೇಳಿಸುತ್ತದೆ. ಮರ ತುಟ್ಟಿ, ಬಡಿಗನ ಕೂಲಿ ಅದಕ್ಕಿಂತ ತುಟ್ಟಿ. ಒಮ್ಮೆ ಮಾಡಿಸಿದ್ದು ಹತ್ತು ವರ್ಷ ನಿಲ್ಲಲಿ ಎಂಬ ಆಸೆಯಲ್ಲಿ ತಪ್ಪೇನೂ ಇಲ್ಲ. ತಪ್ಪಿರುವುದು ಆ ಆಸೆಗೆ ಕೊಟ್ಟುಕೊಂಡ ಉತ್ತರದಲ್ಲಿ.

ಗೆದ್ದಲಿಗೆ ಮರವೇ ಅನ್ನ. ಅನ್ನದ ತಟ್ಟೆಯನ್ನು ಅದು ಮುಟ್ಟದೆ ಬಿಟ್ಟಿತೆಂದರೆ ಕಾರಣ ಎರಡೇ. ಒಂದೋ ಮರದ ತಿರುಳಿನಲ್ಲೇ ಅದಕ್ಕೆ ಆಗದ ಸತ್ವವಿದೆ. ಇಲ್ಲವೇ ಯಾರೋ ಹೊರಗಿನಿಂದ ವಿಷ ತುಂಬಿದ್ದಾರೆ. ಡಿಪೋದವನ "ಹಿಡಿಯುವುದಿಲ್ಲ" ಎಂಬ ಒಂದೇ ಮಾತಿನಲ್ಲಿ ಈ ಎರಡೂ ಬೆರೆತುಹೋಗಿವೆ. ಯಾವ ಕಾರಣಕ್ಕೆ ಹಿಡಿಯುವುದಿಲ್ಲ ಎಂದು ಕೇಳದವನಿಗೆ ಸಿಗುವುದು ಅರ್ಧ ಉತ್ತರ.

ಹೊರಗಿನಿಂದ ತುಂಬುವ ವಿಷಗಳಲ್ಲಿ ಜಗತ್ತೆಲ್ಲ ಹೆಸರಾದದ್ದು ನಮ್ಮ ದೇಶದಲ್ಲೇ ಹುಟ್ಟಿತು. ಸೊಂಟಿ ಕಾಮೇಶಂ ಎಂಬ ತೆಲುಗು ವಿಜ್ಞಾನಿ ಡೆಹರಾಡೂನಿನ ಅರಣ್ಯ ಸಂಶೋಧನಾ ಸಂಸ್ಥೆಯಲ್ಲಿದ್ದಾಗ 1933ರಲ್ಲಿ ತಾಮ್ರ, ಕ್ರೋಮಿಯಂ ಮತ್ತು ಆರ್ಸೆನಿಕ್ ಕೂಡಿಸಿದ ಒಂದು ಮಿಶ್ರಣ ಕಂಡುಹಿಡಿದರು. ಆರ್ಸೆನಿಕ್ ಹುಳುವನ್ನು ಕೊಲ್ಲುತ್ತದೆ, ತಾಮ್ರ ಬೂಷ್ಟನ್ನು ತಡೆಯುತ್ತದೆ, ಕ್ರೋಮಿಯಂ ಎರಡನ್ನೂ ಮರದ ನಾರಿಗೆ ಕಚ್ಚಿಸಿ ಹಿಡಿಯುತ್ತದೆ. ಸಿಸಿಎ ಎಂದು ಇಂದು ಕರೆಯುವುದು ಇದನ್ನೇ. ದೊಡ್ಡ ಶೋಧ ಅದು, ಸಂಶಯವಿಲ್ಲ. ತಂತಿ ಕಂಬ, ಗಣಿಯ ಆಸರೆ, ಸೇತುವೆಯ ಮರ ಇವುಗಳ ಆಯುಸ್ಸನ್ನು ಹಲವು ಪಟ್ಟು ಹೆಚ್ಚಿಸಿ, ಅಷ್ಟೇ ಕಾಡನ್ನು ಉಳಿಸಿದ ಕೀರ್ತಿ ಅದಕ್ಕಿದೆ. ಆದರೆ ತಂತಿ ಕಂಬವನ್ನು ಯಾರೂ ಕುಕ್ಕುವುದಿಲ್ಲ.

ಅಮೆರಿಕದಲ್ಲಿ ಇದೇ ಮರದಿಂದ ಮನೆಯ ಜಗಲಿ, ಮಕ್ಕಳ ಜಾರುಬಂಡಿ, ಉಯ್ಯಾಲೆಗಳನ್ನು ಮಾಡಿದರು. ಮರದಿಂದ ಆರ್ಸೆನಿಕ್ ಒಸರಿ ಕೆಳಗಿನ ಮಣ್ಣಿಗಿಳಿಯುವುದೂ ಮಕ್ಕಳ ಅಂಗೈಗೆ ಹತ್ತುವುದೂ ಗೊತ್ತಾದ ಮೇಲೆ, 2003ರ ಕೊನೆಗೆ ಮನೆಬಳಕೆಯ ಮರಕ್ಕೆ ಅದನ್ನು ಹಾಕುವುದನ್ನು ತಯಾರಕರೇ ನಿಲ್ಲಿಸಿದರು. ಮುಂದಿನ ವರ್ಷ ಯುರೋಪೂ ಬಿಗಿ ಮಾಡಿತು. ಮಗು ದಿನಕ್ಕೆ ಅರ್ಧ ತಾಸು ಉಯ್ಯಾಲೆ ಹಿಡಿದು ಆಡಿದ್ದಕ್ಕೇ ಅಷ್ಟು ಚಿಂತೆ. ಕೋಳಿ ಬೆಳಗಾದರೆ ಗೂಡಿನ ಹಲಗೆಯನ್ನು ಕೊಕ್ಕಿನಿಂದ ಕುಟ್ಟುತ್ತದೆ, ಅದರ ಬುಡದ ಮಣ್ಣನ್ನು ಕೆದರುತ್ತದೆ, ಅದೇ ಮಣ್ಣಿನಲ್ಲಿ ಹೊರಳಿ ಧೂಳಿನ ಸ್ನಾನ ಮಾಡುತ್ತದೆ, ಕಾಳಿನ ಜೊತೆ ದಿನಕ್ಕೆ ಹತ್ತಾರು ಗ್ರಾಂ ಮಣ್ಣನ್ನೂ ನುಂಗಬಲ್ಲದು. ಹಲಗೆಯಿಂದ ಏನು ಒಸರಿತೋ ಅದನ್ನು ಹುಡುಕಿ ತಿನ್ನುವುದೇ ಅದರ ಕಸುಬು.

"ವಿಷ ಮರಕ್ಕೆ ಕಚ್ಚಿಕೊಂಡಿರುತ್ತದೆ, ಹೊರಗೆ ಬರುವುದಿಲ್ಲ" ಎಂದು ವಾದಿಸುವವರಿದ್ದಾರೆ. ಬಹುಪಾಲು ಕಚ್ಚಿಕೊಂಡಿರುತ್ತದೆ ಎನ್ನುವುದು ನಿಜ. ಉಳಿದ ಸ್ವಲ್ಪ ಪಾಲಿನ ಗತಿಯೇನು? ಮಳೆ ಬಿದ್ದಂತೆ ಅದು ವರ್ಷಗಟ್ಟಲೆ ಇಳಿಯುತ್ತದೆ. ಮರ ಹೊಸದಿದ್ದಾಗ ಹೆಚ್ಚು, ಆಮೇಲೆ ಕಡಿಮೆ. ಬಡಿಗ ಗರಗಸ ಹಾಕಿದಾಗ ಉದುರುವ ಹೊಟ್ಟಿನಲ್ಲಂತೂ ಪೂರ್ತಿ ವಿಷ. ಆ ಹೊಟ್ಟನ್ನು ನಮ್ಮವರು ಎಸೆಯುತ್ತಾರೆಯೇ? ಗುಡಿಸಿ, ಗೂಡಿನ ನೆಲಕ್ಕೆ ಹಾಸುತ್ತಾರೆ. ಮಿಕ್ಕ ತುಂಡುಗಳು ಬಚ್ಚಲ ಒಲೆಗೆ ಹೋಗುತ್ತವೆ. ಸಿಸಿಎ ಹಾಕಿದ ಪ್ಲೈವುಡ್ಡನ್ನು ಚಳಿಗಾಲದಲ್ಲಿ ಒಲೆಗೆ ಹಾಕುತ್ತಿದ್ದ ಅಮೆರಿಕದ ವಿಸ್ಕಾನ್ಸಿನ್ ರಾಜ್ಯದ ಒಂದು ಹಳ್ಳಿ ಸಂಸಾರಕ್ಕೆ ಆರ್ಸೆನಿಕ್ ವಿಷವೇರಿದ್ದು 1984ರಲ್ಲಿ ಅಲ್ಲಿಯ ವೈದ್ಯಕೀಯ ಪತ್ರಿಕೆಯಲ್ಲಿ ವರದಿಯಾಗಿದೆ. ಕಾಡಿನ ಮರಕ್ಕೆ ಕೊನೆಗೆ ಒಲೆಯೆಂಬ ಗತಿಯುಂಟು. ಈ ಮರಕ್ಕೆ ಅದೂ ಇಲ್ಲ. ಸುಟ್ಟರೆ ಹೊಗೆಯಲ್ಲಿ ವಿಷ, ಬೂದಿಯಲ್ಲಿ ವಿಷ, ಹೂತರೆ ಮಣ್ಣಿನಲ್ಲಿ ವಿಷ.

ಹಲಗೆ ಬೇಡ, ಪ್ಲೈವುಡ್ ಹಾಕುತ್ತೇವೆ ಎನ್ನುವವರಿಗೂ ಇದೇ ಮಾತು. ನೀರಿಗೆ ಜಗ್ಗದ ಉತ್ತಮ ದರ್ಜೆಯ ಪ್ಲೈವುಡ್ ಎಂದರೆ ಐಎಸ್ 710 ಮಾನಕದ್ದು. ಆ ಮಾನಕವೇ ಸಂರಕ್ಷಕ ರಾಸಾಯನಿಕ ತುಂಬಿರಬೇಕೆಂದು ಹೇಳುತ್ತದೆ. ಅದಕ್ಕಿಂತ ಅಗ್ಗದ ಹಾಳೆಗಳಲ್ಲಿ ಪದರಗಳ ನಡುವಿನ ಅಂಟಿನಲ್ಲೇ ಕೀಟನಾಶಕ ಬೆರೆಸುವ ಪದ್ಧತಿಯಿದೆ. "ಗೆದ್ದಲು ಹಿಡಿದರೆ ಹಣ ವಾಪಸ್" ಎಂಬ ಗ್ಯಾರಂಟಿ ಕಾರ್ಡನ್ನು ಇನ್ನು ಮುಂದೆ ಒಮ್ಮೆ ತಿರುಗಿಸಿ ಓದಿಕೊಳ್ಳಿ. ಹುಳುವನ್ನು ಕೊಲ್ಲುವ ಭರವಸೆ ಅದರಲ್ಲಿದೆ. ಹುಳು ತಿಂದು ಬದುಕುವ ಹಕ್ಕಿಗೆ ಯಾವ ಭರವಸೆಯೂ ಇಲ್ಲ.

ಇನ್ನು ಪುಕ್ಕಟೆ ಮರದ ಪಂಥ. ಜೀಡಿಮೆಟ್ಲ, ಪಟಾನ್‌ಚೆರು ಕಡೆಯ ಕಾರ್ಖಾನೆಗಳಿಂದ ಹೊರಬೀಳುವ ಪ್ಯಾಕಿಂಗ್ ಪೆಟ್ಟಿಗೆ, ಪ್ಯಾಲೆಟ್‌ಗಳ ಪೈನ್ ಹಲಗೆ ಗುಜರಿಯಲ್ಲಿ ಅಗ್ಗಕ್ಕೆ ಸಿಗುತ್ತದೆ. ಹಡಗಿನಲ್ಲಿ ಬಂದ ಪ್ಯಾಲೆಟ್ ಆದರೆ ಅದರ ಮೇಲೆ ಗೋಧಿ ತೆನೆಯ ಚಿತ್ರವಿರುವ ಒಂದು ಮುದ್ರೆಯಿರುತ್ತದೆ. ಎಚ್‌ಟಿ ಎಂದಿದ್ದರೆ ಹಲಗೆಯ ತಿರುಳು 56 ಡಿಗ್ರಿ ತಲುಪಿ 30 ನಿಮಿಷ ನಿಲ್ಲುವಂತೆ ಕಾಯಿಸಿದ್ದು, ಎಂಬಿ ಎಂದಿದ್ದರೆ ಮೀಥೈಲ್ ಬ್ರೋಮೈಡ್ ಅನಿಲ ಹೊಡೆದದ್ದು. ತಿಳಿದವರೆನಿಸಿಕೊಂಡವರ ಚರ್ಚೆಯೆಲ್ಲ ಈ ಎರಡಕ್ಷರದ ಸುತ್ತಲೇ ಗಿರಕಿ ಹೊಡೆಯುತ್ತದೆ: ಎಚ್‌ಟಿ ಇದ್ದರೆ ಅಮೃತ, ಎಂಬಿ ಇದ್ದರೆ ಹಾಲಾಹಲ. ಅನಿಲವಾದರೋ ಬಹುಪಾಲು ಗಾಳಿಗೆ ಹೋಗುವಂಥದು. ಮುದ್ರೆ ಹೇಳದ ಸಂಗತಿಯೇ ದೊಡ್ಡದು: ಆ ಪ್ಯಾಲೆಟ್ ಯಾವ ಸರಕು ಹೊತ್ತಿತ್ತು, ಅದರ ಮೇಲೆ ಏನು ಚೆಲ್ಲಿತ್ತು? ನಮ್ಮದು ಔಷಧಿ ಕಾರ್ಖಾನೆಗಳ ಊರು. ರಾಸಾಯನಿಕದ ಡ್ರಮ್ಮು ಹೊತ್ತು ವರ್ಷಗಟ್ಟಲೆ ಸವೆದ ಹಲಗೆಗೆ ಎಚ್‌ಟಿ ಮುದ್ರೆ ಶುದ್ಧಿಪತ್ರ ಆಗುವುದಿಲ್ಲ.

ಪ್ಯಾಲೆಟ್ ಮರದಿಂದ ರಾಸಾಯನಿಕ ಎಲ್ಲಿಯವರೆಗೆ ಹಬ್ಬಬಹುದು ಎಂಬುದಕ್ಕೆ ಔಷಧಿ ಜಗತ್ತಿನಲ್ಲೇ ಸಾಕ್ಷಿಯಿದೆ. 2010ರಲ್ಲಿ ಅಮೆರಿಕದಲ್ಲಿ ಟೈಲೆನಾಲ್ ಮಾತ್ರೆಗಳ ಬಾಟಲಿಗಳನ್ನು ಮಾರುಕಟ್ಟೆಯಿಂದ ದೊಡ್ಡ ಪ್ರಮಾಣದಲ್ಲಿ ವಾಪಸು ಕರೆಸಬೇಕಾಯಿತು. ದೂರು ಇದ್ದದ್ದು ಮುಗ್ಗಲು ವಾಸನೆಯದು. ಸಾಗಣೆಯ ಮರದ ಪ್ಯಾಲೆಟ್‌ಗಳಿಗೆ ಬಳಿದಿದ್ದ ಬ್ರೋಮಿನ್ ರಾಸಾಯನಿಕವೊಂದು ರೂಪ ಬದಲಿಸಿ, ಮುಚ್ಚಿದ ಬಾಟಲಿಯೊಳಗಿನ ಮಾತ್ರೆಗೂ ಹತ್ತಿತ್ತು.

ಕೋಳಿಯ ಮಟ್ಟಿಗೆ ಈ ಪಾಠ ಇನ್ನೂ ಹಳೆಯದು. ಮೊಟ್ಟೆಗೂ ಮಾಂಸಕ್ಕೂ ಮುಗ್ಗಲು ರುಚಿ ಏಕೆ ಬರುತ್ತಿದೆ ಎಂದು ಬೆನ್ನುಹತ್ತಿದ ವಿಜ್ಞಾನಿಗಳು 1966ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಉತ್ತರ ಪ್ರಕಟಿಸಿದರು. ಕ್ಲೋರೋಅನಿಸೋಲ್ ಎಂಬ ವಸ್ತು ಅದಕ್ಕೆ ಮೂಲ. ಅದು ಬಂದದ್ದಾದರೂ ಎಲ್ಲಿಂದ? ಕ್ಲೋರೋಫೀನಾಲ್ ಹಾಕಿ ಗಟ್ಟಿ ಮಾಡಿದ ಮರದ ಹೊಟ್ಟನ್ನು ಗೂಡಿಗೆ ಹಾಸಿದರು. ಹಿಕ್ಕೆಯ ಪಸೆಗೆ ಅದರಲ್ಲಿ ಬೂಷ್ಟು ಬೆಳೆಯಿತು. ಆ ಬೂಷ್ಟು ವಿಷವನ್ನು ಮುಗ್ಗಲು ವಾಸನೆಯ ವಸ್ತುವಾಗಿ ಮಾರ್ಪಡಿಸಿತು, ಅದು ಕೋಳಿಯ ಮೈಗೆ ಹೋಯಿತು. ಮೂಗಿಗೆ ತಿಳಿದದ್ದರಿಂದ ಅಲ್ಲಿ ಸಿಕ್ಕಿಬಿತ್ತು. ಮೂಗಿಗೆ ತಿಳಿಯದ್ದೂ ಉಂಟು. ಪೋಲೆಂಡಿನಲ್ಲಿ ಮನೆಯಂಗಳದ ಕೋಳಿಗಳ ಮೊಟ್ಟೆಯಲ್ಲಿ ಡಯಾಕ್ಸಿನ್ ಎಂಬ ಘೋರ ವಿಷ ಯುರೋಪಿನ ಮಿತಿಗಿಂತ ಹಲವು ಪಟ್ಟು ಕಂಡಾಗ, ಮೇವು ನೋಡಿದರು, ಮಣ್ಣು ನೋಡಿದರು. ಕೊನೆಗೆ ಕೈ ತೋರಿಸಿದ್ದು ಕೋಳಿಮನೆಯ ಹಳೆಯ ಮರದ ಕಡೆಗೆ. ಎಂದೋ ಪೆಂಟಾಕ್ಲೋರೋಫೀನಾಲ್ ಹೊಡೆದಿದ್ದ ಮರ ಅದು. 2016ರಲ್ಲಿ ಆ ಅಧ್ಯಯನ ಪ್ರಕಟವಾಯಿತು. ಅದಕ್ಕೆ ಒಂದು ವರ್ಷ ಮೊದಲು, 2015ರಲ್ಲಿ, ಸ್ಟಾಕ್‌ಹೋಮ್ ಒಪ್ಪಂದ ಆ ರಾಸಾಯನಿಕವನ್ನು ಜಗತ್ತಿನಿಂದ ತೊಲಗಿಸಬೇಕಾದ ಪಟ್ಟಿಗೆ ಸೇರಿಸಿತ್ತು. ಭಾರತದ ನಿಷೇಧಿತ ಕೀಟನಾಶಕಗಳ ಪಟ್ಟಿಯಲ್ಲೂ ಅದಿದೆ. ಕಾಗದದ ಮೇಲೆ ನಿಷೇಧವಾದ ದಿನವೇ ಮರದೊಳಗಿಂದ ಅದು ಎದ್ದುಹೋಗುವುದಿಲ್ಲ. ಇಲ್ಲಿ ಮರದ ಬಾಳಿಕೆಯೇ ವಿಷದ ಬಾಳಿಕೆಯಾಯಿತು.

ಇದೇ ಮಾತು ಹಳೆಯ ಬಾಗಿಲು, ಕಿಟಕಿಗಳಿಗೂ ಸಲ್ಲುತ್ತದೆ. ಜುಮ್ಮೇರಾತ್ ಬಜಾರಿನಿಂದಲೋ ಒಡೆದ ಹಳೆಮನೆಯಿಂದಲೋ ತಂದ ತೇಗದ ಕದವನ್ನು ಗೂಡಿಗೆ ಹಾಕಿಸಿ, "ನಿಜಾಮರ ಕಾಲದ ಮರ" ಎಂದು ಬೀಗುವವರಿದ್ದಾರೆ. ಮರ ನಿಜಾಮರ ಕಾಲದ್ದೇ ಇರಲಿ, ಬಣ್ಣ ಯಾರ ಕಾಲದ್ದು? ಮನೆಗೆ ಬಳಿಯುವ ಬಣ್ಣದಲ್ಲಿ ಸೀಸ 90 ಪಿಪಿಎಂ ಮೀರಬಾರದೆಂಬ ನಿಯಮ ಈ ದೇಶದಲ್ಲಿ ಜಾರಿಗೆ ಬಂದದ್ದು 2017ರ ನವೆಂಬರಿನಲ್ಲಿ. ಅದಕ್ಕೆ ಮೊದಲಿನ ಬಣ್ಣದ ಚಕ್ಕೆ ಎದ್ದು ಬಿದ್ದರೆ ಕೋಳಿಗೆ ಅದು ಕಾಳಿನಂತೆಯೇ ಕಾಣುತ್ತದೆ. ನುಂಗಿದ ಸೀಸ ಮೊಟ್ಟೆಯ ಹಳದಿಗೂ ಹೋಗುತ್ತದೆ.

ಡಿಪೋ ತಪ್ಪಿಸಿಕೊಂಡವರು ಮನೆಮದ್ದಿಗೆ ಬೀಳುತ್ತಾರೆ. ಒಂದು, ಗೊಬ್ಬರದಂಗಡಿಯ ಕ್ಲೋರೋಪೈರಿಫಾಸ್. ಅದು ನರಗಳನ್ನೇ ಹಿಡಿಯುವ ಜಾತಿಯ ವಿಷ, ಹಕ್ಕಿಗಳ ನರವನ್ನೂ ಬಿಡುವುದಿಲ್ಲ. 2025ರಲ್ಲಿ ಸ್ಟಾಕ್‌ಹೋಮ್ ಒಪ್ಪಂದದ ಪಟ್ಟಿಗೆ ಕೆಲವು ವಿನಾಯಿತಿಗಳೊಂದಿಗೆ ಅದೂ ಸೇರಿತು. ಗೂಡಿನ ಬುಡಕ್ಕೆ ಅದನ್ನು ಸುರಿದರೆ ಗೆದ್ದಲು ಸಾಯುತ್ತದೆ, ಸತ್ತ ಗೆದ್ದಲನ್ನು ಕೋಳಿ ಹೆಕ್ಕಿ ತಿನ್ನುತ್ತದೆ. ಇನ್ನೊಂದು, ಮೆಕ್ಯಾನಿಕ್ ಅಂಗಡಿಯ ಸುಟ್ಟ ಎಂಜಿನ್ ಆಯಿಲ್. ಲೋಹದ ಸವೆತ, ಮಸಿ, ಕ್ಯಾನ್ಸರಿಗೆ ದಾರಿ ಮಾಡುವ ಹೈಡ್ರೋಕಾರ್ಬನ್‌ಗಳೆಲ್ಲ ಕೂಡಿದ ಆ ಕಪ್ಪು ರಸವನ್ನು ಬಳಿದು, "ಮರ ಎಷ್ಟು ಮಿಂಚತದ ನೋಡ್ರಿ" ಎಂದು ತೋರಿಸುವವರನ್ನು ಕಂಡಾಗ ನಗಬೇಕೋ ಅಳಬೇಕೋ ತಿಳಿಯುವುದಿಲ್ಲ.

"ಹಾಗಾದರೆ ಬೇವು?" ಎಂಬ ಪ್ರಶ್ನೆ ಬಂದೇ ಬರುತ್ತದೆ. ಬೇವೆಂದರೆ ನಮಗೆ ಭಕ್ತಿ. ಹುಳು ಓಡಿಸುವ ಅದರ ಸತ್ವ ಮುಖ್ಯವಾಗಿ ಇರುವುದು ಬೀಜದ ತಿರುಳಿನಲ್ಲಿ, ಹಲಗೆಯಲ್ಲಿ ಅಲ್ಲ. ಬೇವಿನ ಬಿಳಿಮರಕ್ಕೆ ಕೊರಕ ಹುಳು ಸಲೀಸಾಗಿ ಬೀಳುತ್ತದೆ. ಅದು ಕೋಳಿಗೆ ಕೆಟ್ಟದ್ದೇನೂ ಅಲ್ಲ, ಸಿಕ್ಕರೆ ಹಾಕಿ, ಪವಾಡ ಮಾತ್ರ ನಿರೀಕ್ಷಿಸಬೇಡಿ. ತೇಗದ ಕೆಂಪು ತಿರುಳಿಗೆ ಗೆದ್ದಲು ಬಾಯಿ ಹಾಕುವುದಿಲ್ಲ, ಅದು ಮರದ ಸ್ವಂತ ಗುಣ, ನನ್ನ ಆಕ್ಷೇಪ ಅದಕ್ಕಿಲ್ಲ. ಬಲ್ಲಾರ್ಷಾ ತೇಗದ ಬೆಲೆ ಕೊಟ್ಟು ಕೋಳಿಗೆ ಅರಮನೆ ಕಟ್ಟಿಸುವವರು ಕಟ್ಟಿಸಲಿ. ಆದರೆ ಅಗ್ಗಕ್ಕೆ ಸಿಗುವ ಎಳೆಯ ತೇಗದಲ್ಲಿ ಬಿಳಿಮರವೇ ಹೆಚ್ಚು, ಅದನ್ನು ಗೆದ್ದಲು ತಿನ್ನುತ್ತದೆ. ತಿನ್ನುವುದಿಲ್ಲ ಎಂದು ಡಿಪೋದವನು ಆಣೆ ಮಾಡಿದರೆ, ಏನು ಹೊಡೆದಿದ್ದೀರಿ ಎಂದು ಕೇಳಬೇಕಾದದ್ದು ಅಲ್ಲಿ.

ಇಪ್ಪತ್ತು ವರ್ಷದ ಬಾಳಿಕೆಯ ಆಸೆಯಲ್ಲೇ ಇನ್ನೊಂದು ಕೇಡಿದೆ. ಕೋಳಿ ಗೂಡಿನ ಮರಕ್ಕೆ ಗೆದ್ದಲಿಗಿಂತ ದೊಡ್ಡ ಶತ್ರು ಅದರ ಬಿರುಕಿನಲ್ಲಿ ಕೂರುತ್ತದೆ. ಹಗಲಿಡೀ ಹಲಗೆಯ ಸಂದಿನಲ್ಲಿ ಅಡಗಿ, ರಾತ್ರಿ ಕೋಳಿಯ ರಕ್ತ ಹೀರುವ ಕೋಳಿ ಉಣ್ಣೆ ಅದು. ಉಪವಾಸವಿದ್ದೂ ವರ್ಷಗಟ್ಟಲೆ ಜೀವ ಹಿಡಿಯಬಲ್ಲದು. ಸ್ಪೈರೋಕೀಟೋಸಿಸ್ ಎಂಬ ಜ್ವರವನ್ನು ಹಕ್ಕಿಯಿಂದ ಹಕ್ಕಿಗೆ ದಾಟಿಸುತ್ತದೆ. ಸಂದಿಲ್ಲದ ಮರದ ಗೂಡಿಲ್ಲ, ಗೂಡು ಹಳತಾದಷ್ಟೂ ಸಂದು ಹೆಚ್ಚು. ಉಣ್ಣೆ ಸೇರಿದ ಹಲಗೆಯನ್ನು ಕಿತ್ತು ಬಿಸಿಲಿಗೆ ಹಾಕಬೇಕು, ಅದಕ್ಕೂ ಬಗ್ಗದಿದ್ದರೆ ಸುಡಬೇಕು. ದುಬಾರಿ ಹಲಗೆಯನ್ನು ಸುಡಲು ಮನಸ್ಸು ಬರುವುದಿಲ್ಲ, ವಿಷದ ಹಲಗೆಯನ್ನು ಸುಡಲು ಬರುವುದಿಲ್ಲ. ಆದ್ದರಿಂದ ಕೋಳಿ ಗೂಡು ಸುಲಭವಾಗಿ ಬಿಚ್ಚುವಂತೆ, ಕಳೆದುಕೊಂಡರೆ ಎದೆ ಒಡೆಯದಂತೆ ಇರಬೇಕು. ನಮ್ಮ ಅಜ್ಜಿಯರ ಬಿದಿರಿನ ಕೋಳಿ ಬುಟ್ಟಿ ಹಾಗೇ ಇತ್ತು. ಹಳೆಯದಾದರೆ ಒಲೆಗೆ, ಹೊಸದಕ್ಕೆ ಮೇದಾರರ ಮನೆಗೆ.

ಹಾಗಾದರೆ ಗೆದ್ದಲಿಗೆ ಏನು ಮಾಡುವುದು? ಗೆದ್ದಲು ಹಾರಿ ಬಂದು ಹಲಗೆ ಕಡಿಯುವುದಿಲ್ಲ. ಮಣ್ಣಿನೊಳಗಿನ ಹುತ್ತದಿಂದ ಕಾಲುಗುಂಟ ಮಣ್ಣಿನ ಕೊಳವೆ ಕಟ್ಟಿಕೊಂಡು ಹತ್ತುತ್ತದೆ. ದಾರಿ ಕಡಿದರೆ ಕೆಲಸ ಮುಗಿಯಿತು. ಕಂಬವನ್ನು ಮಣ್ಣಿನಲ್ಲಿ ಹೂಳಬೇಡಿ. ಶಹಾಬಾದಿ ಕಲ್ಲಿಗೆ, ತಾಂಡೂರಿನ ಪರಸಿಗೆ ಈ ಊರಲ್ಲಿ ಬರವಿಲ್ಲ. ಅದರ ತುಂಡಿನ ಮೇಲೋ ಇಟ್ಟಿಗೆಯ ಕಟ್ಟೆಯ ಮೇಲೋ ಗೂಡಿನ ಕಾಲು ನಿಲ್ಲಲಿ, ಗೂಡಿನ ನೆಲ ಭೂಮಿಯಿಂದ ಒಂದೂವರೆ ಅಡಿ ಮೇಲಿರಲಿ. ಹಾಲು ಮೊಸರಿನ ಜಾಳಿಗೆ ಕಪಾಟಿಗೆ ಇರುವೆ ಹತ್ತದಿರಲೆಂದು ಹಳೆಯ ಮನೆಗಳಲ್ಲಿ ಅದರ ಕಾಲುಗಳನ್ನು ನೀರಿನ ಬಟ್ಟಲಲ್ಲಿ ಇಡುತ್ತಿದ್ದರಲ್ಲ, ಅದೇ ಜಾಣತನ. ವಾರಕ್ಕೊಮ್ಮೆ ಕಾಲುಗಳನ್ನು ನೋಡಿ, ಮಣ್ಣಿನ ಗೆರೆ ಕಂಡರೆ ಪೊರಕೆಯಿಂದ ಬಡಿದು ಹಾಕಿ. ಮಾಡು ಎರಡು ಗೇಣು ಮುಂದೆ ಚಾಚಿರಲಿ, ಎರಚಲು ಬೀಳದ ಮರ ಬೇಗ ಕೊಳೆಯುವುದಿಲ್ಲ. ಬಿರುಕಿಗೆ ವರ್ಷಕ್ಕೆರಡು ಸಲ ಗಟ್ಟಿ ಸುಣ್ಣ ಬಳಿಯಿರಿ.

ಇಷ್ಟು ಮಾಡಿದ ಮೇಲೆ ಮರ ಯಾವುದಾದರೂ ನಡೆಯುತ್ತದೆ: ಹೊಸ ಸರ್ವೆ ಗಳ, ನೀಲಗಿರಿ, ಮಾವು, ಜಾಲಿ, ಕೆಲವು ವಾರ ನೀರಿನಲ್ಲಿ ನೆನೆಹಾಕಿ ಒಣಗಿಸಿದ ಬಿದಿರು. ಬಿದಿರಿನ ಹಿಟ್ಟಿನಂಶ ನೀರಿಗೆ ಹೋದರೆ ಕೊರಕ ಹುಳುವಿಗೆ ಅದರಲ್ಲಿ ರುಚಿ ಉಳಿಯುವುದಿಲ್ಲ ಎಂಬುದು ಹಳೆಯ ಅನುಭವ. ಷರತ್ತು ಒಂದೇ: ಬಣ್ಣ, ಎಣ್ಣೆ, ಔಷಧಿ ಕಾಣದ ಹಸಿಮರವನ್ನು ಒಣಗಿಸಿದ್ದಾಗಿರಬೇಕು, ಹಿಂದೆ ಯಾವ ಕೆಲಸಕ್ಕೂ ಹೋಗಿರಬಾರದು.

"ಬಡವ ಎಷ್ಟು ಸಲ ಗೂಡು ಕಟ್ಟಿಸಬೇಕು?" ಎಂಬುದು ಎದುರಾಳಿಯ ಕೊನೆಯ ಬಾಣ. ಬಡವ ಎಂದೂ ಸಿಸಿಎ ಮರ ಕೊಂಡವನಲ್ಲ. ಮಣ್ಣು, ಕಲ್ಲು, ಬಿದಿರಿನಲ್ಲಿ ತಾನೇ ಕಟ್ಟಿ, ತಾನೇ ಬಿಚ್ಚಿದವನು. ಇಪ್ಪತ್ತು ವರ್ಷದ ಗ್ಯಾರಂಟಿಗೆ ದುಡ್ಡು ಸುರಿಯುತ್ತಿರುವವರು ನಾವು, ಮಾಳಿಗೆಯ ಮಧ್ಯಮ ವರ್ಗದವರು. ಮೂರು ವರ್ಷಕ್ಕೊಮ್ಮೆ ಎರಡು ಸರ್ವೆ ಗಳ ಬದಲಿಸುವ ಖರ್ಚು ನಮಗೆ ಭಾರವಲ್ಲ, ಸೋಮಾರಿತನ ಭಾರ.

ಮುಂದಿನ ಸಲ ಡಿಪೋಗೆ ಹೋದಾಗ, ಹಲಗೆಗೆ ಏನು ಹೊಡೆದಿದ್ದೀರಿ, ಮೊದಲು ಇದು ಎಲ್ಲಿತ್ತು, ಇದನ್ನು ಒಲೆಗೆ ಹಾಕಬಹುದೇ ಎಂದು ಮೂರು ಮಾತು ಕೇಳಿ. ಮೂರನೆಯದಕ್ಕೆ "ಹಾಕಬಹುದು" ಎಂದು ಎದೆ ತಟ್ಟಿ ಹೇಳಲಾಗದವನ ಮರ ಕೋಳಿಗೆ ಬೇಡ. ಗೆದ್ದಲು ತಿಂದ ಹಲಗೆಯನ್ನು ಒಂದು ಭಾನುವಾರ ಕೂತು ಬದಲಿಸಬಹುದು. ಮೊಟ್ಟೆಯೊಳಗೆ ಇಳಿದದ್ದನ್ನು ತೆಗೆಯುವ ಬಡಿಗ ಹೈದರಾಬಾದಿನಲ್ಲೂ ಇಲ್ಲ, ಬೀದರಿನಲ್ಲೂ ಇಲ್ಲ.